ಮನೀಶನ ಹಾಸಿಗೆ

"ಮನೀಶ್ ಕೀ ಬೀವೀ ಕೌನ್ ಹೈ? ಚಲೋ ಅಂದರ್."

ಆಸ್ಪತ್ರೆಯ ಕಾವಲಿನವನು ವಾರ್ಡಿನ ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ನಾನು ಏಳುತ್ತಿದ್ದೆ. ಬೆಂಚಿನ ಮೇಲೆ ಕೂತ ಹೆಂಗಸರು ಕಾಲು ಮಡಚಿ ದಾರಿ ಬಿಡುತ್ತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಮುಖವನ್ನೇ ಕಂಡಿರದ ಒಬ್ಬನ ಹೆಂಡತಿಯಾಗಿ ನಾನು ದಿನಾ ಆ ಬಾಗಿಲು ದಾಟುತ್ತಿದ್ದೆ.

ನನ್ನ ಗಂಡನ ಹೆಸರು ಹುಲಗಪ್ಪ. ಇದನ್ನು ಹೀಗೆ ಬಾಯಿ ಬಿಟ್ಟು ಹೇಳುವ ಹೆಂಗಸು ನಾನಾಗಿರಲಿಲ್ಲ. ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ. ನಾನು ಹೇಳಿದ್ದು ಒಂದೇ ಸಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಒಡಪಿನಲ್ಲಿ ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಎಂದರು. "ಗೋಡಿ ಮ್ಯಾಲ ಗುಬ್ಬಿ ಗೂಡ, ಹುಲಗಪ್ಪ ನಮ್ಮ ಮನಿಯ ನೆಳ್ಳಿನ ಗಿಡ" ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆಮೇಲೆ ಅವರು ನನಗೆ ಬರೀ 'ರೀ'. ಅವರಿಗೆ ನಾನು ಚಂದ್ರಿ. ಕಾಗದದಲ್ಲಿ ಚಂದ್ರಬಾಯಿ.

ಅವರ ತಾಯಿ ಹುಲಿಗೆಮ್ಮನಿಗೆ ಹರಕೆ ಹೊತ್ತು ಹೆತ್ತ ಮಗ. ಊರಿನಲ್ಲಿ ನಮ್ಮ ಕೇರಿಯವರಿಗೆ ಹೆಸರಿನ ಕೊನೆಯ 'ಅಪ್ಪ' ಸಲ್ಲುವುದಿಲ್ಲ. ಗೌಡರ ಮನೆಯ ಮೊನ್ನೆ ಹುಟ್ಟಿದ ಕೂಸಿಗೂ ನನ್ನ ಮಾವ ಅಪ್ಪಾ ಅನ್ನಬೇಕು. ಆ ಕೂಸು ಬೆಳೆದು ನನ್ನ ಮಾವನ ವಯಸ್ಸಿನವರನ್ನು ಲೇ ಅನ್ನುತ್ತದೆ. ಅಲ್ಲಿ ನನ್ನ ಗಂಡ ಹುಲಗ್ಯಾ. ಊರು ಬಿಟ್ಟು ಡೊಂಬಿವಲಿ ಕಡೆ ಬಂದು ವಿಠ್ಠಲವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದಾಗ ಮಾಲೀಕ ಹೆಸರು ಕೇಳಿದ. ಅವರು ಎದೆ ಉಬ್ಬಿಸಿ, "ಹುಲಗಪ್ಪ. ಪೂರಾ ಹೇಳಬೇಕ್ರಿ, ಅರ್ಧ ಹೇಳಿದರ ಓ ಅನ್ನಂಗಿಲ್ಲ" ಎಂದಿದ್ದರು. ಮಾಲೀಕನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವರು ಹೇಳಿದರು.

ಆ ಪೂರಾ ಹೆಸರನ್ನು ಡೊಂಬಿವಲಿಯ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯ ಗೇಟಿನಲ್ಲಿ ಕಳಚಿಡಬೇಕಾಯಿತು. ಬಣ್ಣದ ರಾಸಾಯನಿಕ ಮಾಡುವ ಕಾರ್ಖಾನೆ. ಒಳಗೆ ಹೋಗಲು ಕಾರ್ಡು ಬೇಕು. ಗುತ್ತಿಗೆದಾರನ ಸೂಪರ್ವೈಸರ್ ಮೋಹನದಾಸ ಇವರ ಕೊರಳಿಗೆ ಒಂದು ಹಳೇ ಕಾರ್ಡು ಹಾಕಿದ. ಅದರಲ್ಲಿ ಹೆಸರು ಮನೀಶ. ಚಿತ್ರದ ಮುಖ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು, ಗಡ್ಡ ಮಾತ್ರ ಉಳಿದಿತ್ತು. ಆ ಮನೀಶ ಯಾವತ್ತೋ ಕೆಲಸ ಬಿಟ್ಟು ಹೋದವನು. ಹೊಸಬನನ್ನು ದಾಖಲೆಗೆ ಸೇರಿಸಿದರೆ ಗುತ್ತಿಗೆದಾರನಿಗೆ ಖರ್ಚು, ತಾಪತ್ರಯ. ಅದಕ್ಕೆ ಮನೀಶನ ಕಾರ್ಡನ್ನು ಸಾಯಲು ಬಿಡಲಿಲ್ಲ. ಅದರೊಳಗೆ ಒಬ್ಬೊಬ್ಬರನ್ನು ತುರುಕುತ್ತಾ ಬಂದರು. ನನ್ನ ಗಂಡನಿಗಿಂತ ಮೊದಲು ಬೇರೆಯವರು ಅದರಲ್ಲಿ ದುಡಿದಿದ್ದರು. ಆಮೇಲೆ ಇವರು. ಡ್ರಮ್ಮಿನ ತಳದ ಕೆಸರು ಕೆರೆಯುವುದು ಇವರ ಕೆಲಸ. ಉಗುರಿನ ಸಂದಿಯ ಹಳದಿ ಊಟ ಮಾಡುವಾಗಲೂ ಹೋಗುತ್ತಿರಲಿಲ್ಲ.

"ಹೊತ್ತು ಮುಣುಗೂತನ ನಾ ಮನೀಶ. ಮನಿಗೆ ಬಂದ ಮ್ಯಾಲ ನಿನ್ನ ಗಂಡ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುವ ಮಾತಲ್ಲ ಅದು ಎಂದು ಆಗ ಗೊತ್ತಿರಲಿಲ್ಲ.

ರಾಸಾಯನಿಕ ಕುದಿಸುವ ರಿಯಾಕ್ಟರಿನ ಮುಚ್ಚಳ ಹಾರಿದ ದಿನ ವಿಠ್ಠಲವಾಡಿಯ ನಮ್ಮ ಚಾಳಿಗೆ ಸುದ್ದಿ ಬಂತು. ಪಕ್ಕದ ಮನೆಯವನು ಬಂದು, ಕಾರ್ಖಾನೆಯಲ್ಲಿ ಮನೀಶ ಎನ್ನುವವನಿಗೆ ಜೋರು ಪೆಟ್ಟಂತೆ, ಬದುಕುವುದು ಕಷ್ಟವಂತೆ ಎಂದ. ಪಾಪ ಯಾರ ಮಗನೋ ಎಂದೆ. ಎಂದು ರೊಟ್ಟಿ ತಟ್ಟುತ್ತಾ ಕೂತೆ. ಎರಡನೇ ರೊಟ್ಟಿ ಹಂಚಿನ ಮೇಲೆ ಹಾಕುವಾಗ ಕೈ ನಿಂತಿತು. ಮನೀಶ ಅಂದರೆ ಯಾರು ಎಂದು ಆಗ ಹೊಳೆಯಿತು. ರೊಟ್ಟಿ ಸುಟ್ಟು ಹೊಗೆ ತುಂಬಿದರೂ ನಾನು ಎದ್ದಿರಲಿಲ್ಲ.

ತಲೆ ಒಡೆದಿತ್ತು. ವಿಷದ ಹೊಗೆ ಎದೆಗಿಳಿದಿತ್ತು. ಡೊಂಬಿವಲಿಯ ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ಹೊಲಿದರು. ಗಂಟಲಿಗೆ ತೂತು ಕೊರೆದು ಪೈಪು ಇಟ್ಟರು. ಅದರಲ್ಲೇ ಉಸಿರು. ಬಹಳ ದಿನ ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ, ಇಂಥವರಿಗೇ ಎಂದು ಬೇರೆ ಆಸ್ಪತ್ರೆ ಇದೆ, ಮಾತು, ನಡಿಗೆ, ನುಂಗುವುದು ಎಲ್ಲ ಮತ್ತೆ ಕಲಿಸುತ್ತಾರೆ ಎಂದು ನವಿ ಮುಂಬಯಿಗೆ ಕಳಿಸಿದರು. ಗಾಜಿನ ಕಟ್ಟಡ. ಒಳಗೆ ತಣ್ಣಗೆ. ನಾನು ಭಿವಂಡಿಯ ಗೋದಾಮಿನಲ್ಲಿ ಪೆಟ್ಟಿಗೆಗೆ ಟೇಪು ಹಚ್ಚುವ ಕೆಲಸ ಬಿಟ್ಟೆ. ಬೆಳಿಗ್ಗೆ ವಿಠ್ಠಲವಾಡಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಬಂದು ಅವರ ಹಾಸಿಗೆಯ ಪಕ್ಕ ನಿಲ್ಲುತ್ತಿದ್ದೆ.

ಮೊದಲ ದಿನವೇ ಮೋಹನದಾಸ ನನ್ನನ್ನು ಮೆಟ್ಟಿಲ ಹತ್ತಿರ ಕರೆದ. ಅವನು ಉಡುಪಿ ಕಡೆಯವನು. ಹಣೆಗೆ ಗಂಧ, ಮಾತಿಗೆ ಬೆಣ್ಣೆ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಪೆಂಡಾಲು ಹಾಕಿಸುವವನು.

"ನೋಡಿ ಅಕ್ಕ, ನಾವು ಒಂದೇ ಭಾಷೆಯವರು. ಹಾಗಾಗಿ ಹೇಳುದು. ಇಲ್ಲಿ ಇರುದು ಮನೀಶ. ವಿಮೆ ಇರುದು ಮನೀಶನಿಗೆ. ನಿಮ್ಮ ಬಾಯಿಂದ ಬೇರೆ ಹೆಸರು ಬಂತೋ, ಅವತ್ತೇ ಪೈಪು ತೆಗ್ದು ಹೊರಗೆ ಮಲಗಿಸ್ತಾರೆ. ಸುಳ್ಳು ಹೆಸರಲ್ಲಿ ಸೇರಿಸಿದ್ದಕ್ಕೆ ನಿಮ್ಮನ್ನೇ ಪೊಲೀಸ್ ಹಿಡೀತಾರೆ. ಗೊತ್ತಾಯ್ತಲ್ಲ?"

"ಹೆಸರು ಹಾಕಿದವರು ನೀವಽ ಅಲ್ಲೇನ್ರಿ" ಎಂದೆ.

"ಅದನ್ನು ಯಾರು ನಂಬ್ತಾರೆ ಮಾರಾಯ್ರೆ? ನಿಮ್ಮ ಒಳ್ಳೇದಕ್ಕೆ ಹೇಳಿದ್ದು ನಾನು."

ಕುರಿ ನೆನೆಯಿತು ಎಂದು ತೋಳ ಅತ್ತಿತಂತೆ. ಆದರೂ ನಾನು ತಲೆಯಾಡಿಸಿದೆ. ಪೈಪು ಎಂದ ಕೂಡಲೇ ನನ್ನ ಬಾಯಿ ಕಟ್ಟಿತು.

ಆ ಪೈಪಿನ ಭಯ ಏನೆಂದು ಅದನ್ನು ನೋಡಿದವರಿಗೇ ಗೊತ್ತು. ಒಂದು ಮಧ್ಯಾಹ್ನ ಅದರಲ್ಲಿ ಕಫ ಸಿಕ್ಕಿಕೊಂಡಿತು. ಅವರಿಗೆ ಕೂಗಲು ಆಗುವುದಿಲ್ಲ, ಗಂಟಲಿಗೆ ಗಾಳಿಯೇ ಹೋಗುವುದಿಲ್ಲ. ಕಣ್ಣು ಮಾತ್ರ ದೊಡ್ಡದಾಯಿತು. ತುಟಿ ನೀಲಿಯಾಯಿತು. ಕೈಬೆರಳು ನನ್ನ ಸೆರಗು ಹಿಡಿದು ಎಳೆಯಿತು. ನರ್ಸ್ ಓಡಿ ಬಂದು ಪೈಪಿನೊಳಗೆ ಸಣ್ಣ ನಳಿಗೆ ಬಿಟ್ಟು ಮಷೀನಿನಿಂದ ಎಳೆದಳು. ಕೆಂಪು ಮಿಶ್ರಿತ ಲೋಳೆ ಬಂತು. ಉಸಿರು ಬಂತು. ಅಂದಿನಿಂದ ನಾನು ಆ ಮಷೀನಿನ ಕೆಲಸ ಕಲಿತೆ. ಕೈ ತೊಳೆದು, ಗ್ಲೋವ್ಸ್ ಹಾಕಿ, ನಳಿಗೆ ಬಿಟ್ಟು ಎಳೆಯುವುದು. ಮಗ್ಗುಲು ಹೊರಳಿಸುವುದು. ಬೆನ್ನಿಗೆ ಹುಣ್ಣಾಗದಂತೆ ಒರೆಸುವುದು. ಮರದ ಕೊರಡಿನಂತೆ ಬಿಗಿದ ಕಾಲನ್ನು ನನ್ನ ಹೆಗಲಿಗೆ ಕೊಟ್ಟು ಮೇಲೆತ್ತುವುದು. ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಅದಕ್ಕೆಲ್ಲ ನಾನು ಹೆದರಿದವಳಲ್ಲ. ಯಾರಾದರೂ ಬಂದು ಪೈಪಿಗೆ ಕೈ ಹಾಕುತ್ತಾರೆ ಎಂದು ಮಾತ್ರ ಹೆದರುತ್ತಿದ್ದೆ. ವಾರ್ಡಿನಲ್ಲಿ ಬೂಟಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ.

ಮಾತು ಕಲಿಸಲು ರಮಿತಾ ಬರುತ್ತಿದ್ದಳು. ಡೊಂಬಿವಲಿಯಲ್ಲಿ ಹೋಟೆಲು ಇಟ್ಟ ಕರಾವಳಿಯವರ ಮಗಳು. ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ. "ಆಂಟಿ, ಕನ್ನಡ ಸಮಝ್‌ತೀ ಹೂಂ, ಬೋಲ್‌ನೇ ಮೇ ಗಡ್‌ಬಡ್ ಹೋತಾ ಹೈ" ಎಂದು ನಗುತ್ತಿದ್ದಳು. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಅವಳು ಪೈಪಿನ ಬಾಯಿಗೆ ನೇರಳೆ ಬಣ್ಣದ ಪುಟ್ಟ ಮುಚ್ಚಳ ಸಿಕ್ಕಿಸುತ್ತಿದ್ದಳು. ಅದನ್ನು ಹಾಕಿದರೆ ಗಾಳಿ ಗಂಟಲಿಗೆ ತಿರುಗಿ ದನಿ ಬರುತ್ತದೆ. ನಾನು ಅದನ್ನು ಮಾತಿನ ಮುಚ್ಚಳ ಎನ್ನುತ್ತಿದ್ದೆ.

ಹಾಸಿಗೆಯ ಎದುರಿಗೆ ಬಿಳಿ ಹಲಗೆ. ಅದರಲ್ಲಿ ರಮಿತಾ ದಿನಾ ಬರೆದು ಓದಿ ಹೇಳುತ್ತಿದ್ದಳು: ನಿಮ್ಮ ಹೆಸರು ಮನೀಶ. ಊರು ನವಿ ಮುಂಬಯಿ. ಇವತ್ತು ಇಂಥ ವಾರ. ಪೆಟ್ಟು ಬಿದ್ದ ತಲೆಗೆ ತಾನು ಯಾರು, ಎಲ್ಲಿದ್ದೇನೆ ಎನ್ನುವುದೇ ಮರೆತಿರುತ್ತದಂತೆ. ದಿನಾ ಅದನ್ನೇ ಹೇಳಿ ಹೇಳಿ ಒಳಗೆ ಕೂರಿಸಬೇಕಂತೆ.

"ಆಪ್ ಮನೀಶ್ ಹೋ ನಾ?" ಎಂದು ಅವಳು ಕೇಳಿದರೆ ನನ್ನ ಗಂಡ ತಲೆ ಅಲ್ಲಾಡಿಸುತ್ತಿದ್ದರು. ಅಲ್ಲ. ಮತ್ತೆ ಕೇಳಿದರೆ ಮತ್ತೆ ಅಲ್ಲ. ಒಂದು ದಿನ ಮುಚ್ಚಳ ಹಾಕಿದಾಗ ಕೆರೆದಂಥ ದನಿಯಲ್ಲಿ "ಹು... ಹು..." ಎಂದರು. ಕೆಮ್ಮು ಬಂದು ಅದು ಅಲ್ಲೇ ನಿಂತಿತು. ರಮಿತಾ ಬೇಸರದಿಂದ ಬರೆದುಕೊಂಡಳು.

ಸರಿಯಾದ ಉತ್ತರ ಕೊಟ್ಟ ಮನುಷ್ಯನಿಗೆ ತಪ್ಪು ಹಾಕಿದರು. ನಾನು ಪಕ್ಕದಲ್ಲಿ ನಿಂತು ನೋಡಿದೆ.

ದೊಡ್ಡ ಡಾಕ್ಟರು ಬಂದು ಕಾಗದ ನೋಡಿದರು. ತನ್ನ ಹೆಸರೂ ತಿಳಿಯದ ರೋಗಿಗೆ ಇಲ್ಲಿ ಮುಂದುವರಿಸುವುದು ಕಷ್ಟ ಎಂದರು. ಬರುವ ಗುರುವಾರ ಮತ್ತೆ ಪರೀಕ್ಷೆ. ಸುಧಾರಣೆ ಕಾಣದಿದ್ದರೆ ಮನೆಗೆ. ಯಾವ ಮನೆಗೆ? ಕರೆಂಟು ಹೋದರೆ ಬರುವುದು ಯಾವಾಗ ಎಂದು ಗೊತ್ತಿಲ್ಲದ ಚಾಳಿಗೆ? ಕಫ ಎಳೆಯುವ ಮಷೀನು ಅಲ್ಲಿ ಯಾರು ತಂದಿಡುತ್ತಾರೆ? ಬಾಯಲ್ಲಿಟ್ಟ ಬಿಸಿ ತುಪ್ಪ ನನ್ನ ಪಾಡು. ಹೆಸರು ಹೇಳಿದರೆ ಪೈಪು ತೆಗೆಯುತ್ತಾರೆ. ಹೇಳದಿದ್ದರೆ ಮನೆಗೆ ಕಳಿಸುತ್ತಾರೆ. ಎರಡೂ ಕಡೆ ಆ ನೀಲಿ ತುಟಿಯೇ ಕಾಣುತ್ತಿತ್ತು.

ಮೋಹನದಾಸನೇ ದಾರಿ ಹೇಳಿದ. "ನೀವೇ ಕಲಿಸಿ ಅಕ್ಕ. ಹೆಂಡ್ತಿ ಹೇಳಿದ್ರೆ ಕೇಳ್ತಾರೆ. ಮನೀಶ ಅಂತ ಒಂದು ಶಬ್ದ. ಅದಕ್ಕೆ ಎಂತ ಕಷ್ಟ?"

ನಾನು ಕಲಿಸಿದೆ.

ಸ್ವಂತ ಗಂಡನ ಹೆಸರು ನಾಲಿಗೆ ಮೇಲೆ ತರದವಳು ಪರಗಂಡಸಿನ ಹೆಸರನ್ನು ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಹೊರಳಿಸುವಾಗ ಹೇಳಿದೆ. ಮೈ ಒರೆಸುವಾಗ ಹೇಳಿದೆ. ಹಲಗೆಯ ಕಡೆ ಬೆರಳು ಮಾಡಿ, "ನೋಡ್ರಿ, ನೀವು ಮನೀಶ. ಹೂಂ ಅನ್ರಿ" ಎಂದೆ. ಮೊದಲು ಅವರು ಸಿಟ್ಟಿನಿಂದ ನೋಡಿದರು. ಚಂದ್ರಿ, ನೀನೂ ಹಿಂಗ ಅಂತಿ ಏನು ಎನ್ನುವಂತೆ. ಎರಡು ಮೂರು ದಿನ ಕಣ್ಣು ಮುಚ್ಚಿ ಮಲಗಿದರು. ನಾನು ಬಿಡಲಿಲ್ಲ. ಹೆದರಿಕೆಗೆ ಕರುಣೆ ಇರುವುದಿಲ್ಲ. "ಅನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಅನ್ರಿ" ಎಂದು ಅವರ ಗದ್ದ ಹಿಡಿದು ತಿರುಗಿಸಿದೆ.

ಆಮೇಲೆ ಅವರ ಕಣ್ಣಿನ ಸಿಟ್ಟು ಹೋಯಿತು. ಅದರ ಜಾಗದಲ್ಲಿ ಬೇರೆ ಏನೋ ಬಂತು. ನನಗೆ ಅರ್ಥವಾಗಲಿಲ್ಲ. ಒಂದು ಬೆಳಿಗ್ಗೆ ಮೈ ಒರೆಸಲು ಹೊದಿಕೆ ಸರಿಸಿದಾಗ ಆಡುವ ಒಂದು ಕೈಯಿಂದ ಅದನ್ನು ಎಳೆದುಕೊಂಡರು. ಮುಖ ಗೋಡೆಗೆ ತಿರುಗಿಸಿದರು. ನೋವಿರಬೇಕು ಎಂದುಕೊಂಡೆ. ಮರುದಿನವೂ ಹಾಗೇ. ಮುಚ್ಚಳ ಹಾಕಿದ್ದ ಹೊತ್ತಿನಲ್ಲಿ ನಾನು ತೊಡೆ ಒರೆಸಲು ಹೋದರೆ "ಬ್ಯಾಡ್ರಿ" ಎಂದರು.

ಬ್ಯಾಡ್ರಿ. ನನಗೆ ರೀ ಹಚ್ಚಿ ಅವರು ಯಾವತ್ತೂ ಮಾತಾಡಿದವರಲ್ಲ. ದವಾಖಾನೆಯ ಮರ್ಯಾದೆ ಕಲಿತಾರ ಎಂದು ನಾನು ನಕ್ಕೆ. ನಗು ಪೂರಾ ಬರಲಿಲ್ಲ.

ಗುರುವಾರ ಬಂತು. ಹಾಸಿಗೆಯನ್ನು ಎತ್ತರಿಸಿ ಅವರನ್ನು ಕೂರಿಸಿದರು. ಕತ್ತು ಜಾರದಂತೆ ನಾನು ದಿಂಬು ಒತ್ತಿದೆ. ದೊಡ್ಡ ಡಾಕ್ಟರು ಬಂದರು. ಕಂಪನಿಯ ಪರವಾಗಿ ಮೋಹನದಾಸ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕಾಲ ದಿಕ್ಕಿನಲ್ಲಿ ನಿಂತ. ರಮಿತಾ ಮುಚ್ಚಳ ಸಿಕ್ಕಿಸಿದಳು. ಪಾಪ, ಅವಳಿಗೂ ಇದು ಪರೀಕ್ಷೆ.

"ಆಪ್ ಕಾ ನಾಮ್?" ಎಂದರು ಡಾಕ್ಟರು.

ನನ್ನ ಗಂಡ ಹಲಗೆ ನೋಡಿದರು. ನನ್ನನ್ನು ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ.

"ಮ... ನೀ... ಶ."

ರಮಿತಾ ಚಪ್ಪಾಳೆ ತಟ್ಟಿಬಿಟ್ಟಳು. ಡಾಕ್ಟರು ಒಳ್ಳೆಯದು ಎನ್ನುವಂತೆ ಹುಬ್ಬೇರಿಸಿದರು. ಮೋಹನದಾಸ ನನ್ನ ಕಡೆ ನೋಡಿ ಕಣ್ಣಲ್ಲೇ ಭೇಷ್ ಎಂದ. ನನಗೆ ಉಸಿರು ಬಿಟ್ಟಂತಾಯಿತು. ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿತ್ತು. ಹಾಸಿಗೆ ಉಳಿಯಿತು, ಪೈಪು ಉಳಿಯಿತು, ಇವರು ಉಳಿದರು ಎಂದುಕೊಂಡೆ.

ಡಾಕ್ಟರು ನನ್ನ ಕಡೆ ಕೈ ತೋರಿಸಿದರು. "ಔರ್ ಯೇ ಕೌನ್ ಹೈ?"

ನನ್ನ ಗಂಡ ನನ್ನನ್ನು ಬಹಳ ಹೊತ್ತು ನೋಡಿದರು. ಎದೆಯಲ್ಲಿ ಗಾಳಿ ಕೂಡಿಸಿಕೊಂಡರು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಅಕ್ಷರ ಎತ್ತಿ ಇಟ್ಟಂತೆ ಹೇಳಿದರು.

"ಹುಲಗಪ್ಪನ... ಹೇಣ್ತಿ."

ಡಾಕ್ಟರಿಗೆ ತಿಳಿಯಲಿಲ್ಲ. "ಕ್ಯಾ ಬೋಲಾ?"

"ಮೇರೀ ಔರತ್ ಬೋಲಾ ಸರ್" ಎಂದು, ನನ್ನ ಹೆಂಡತಿ ಎಂದಂತೆ ತಿರುಚಿ ಹೇಳಿದ ಮೋಹನದಾಸ. ಒಂದು ಕ್ಷಣವೂ ತಡಮಾಡಲಿಲ್ಲ. ಮುಖದಲ್ಲಿ ನಗು ಹಾಗೇ ಇತ್ತು. ಆಮೇಲೆ ಅದೇ ನಗುವಿನಲ್ಲಿ ನನಗೆ ಕನ್ನಡದಲ್ಲಿ ಅಂದ: "ಬಾಯಿ ಮುಚ್ಚಿ ನಿಲ್ಲಿ. ಪಾಸಾಯ್ತಲ್ಲ."

ರಮಿತಾಳಿಗೆ ತಿಳಿದಿತ್ತು. ಅವಳ ಚಪ್ಪಾಳೆಯ ಕೈ ಗಾಳಿಯಲ್ಲೇ ನಿಂತಿತ್ತು. ಅವಳು ನನ್ನನ್ನು ನೋಡಿದಳು, ನೆಲ ನೋಡಿದಳು.

ನನಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಎಳೆದುಕೊಂಡ ಹೊದಿಕೆ. ಗೋಡೆಗೆ ತಿರುಗಿದ ಮುಖ. ಬ್ಯಾಡ್ರಿ. ಪರರ ಹೆಂಡತಿ ತನ್ನ ಮೈ ತೊಳೆಯುತ್ತಿದ್ದಾಳೆ ಎಂದು ಈ ಮನುಷ್ಯ ನಾಚಿ ಸಾಯುತ್ತಿದ್ದರು. ನನ್ನನ್ನು ಅವರು ಮರೆತಿರಲಿಲ್ಲ. ತಮ್ಮನ್ನು ಮರೆತಿದ್ದರು. ನಾನೇ ಮರೆಸಿದ್ದೆ, ಕಿವಿಯಲ್ಲಿ ಊದಿ ಊದಿ.

ಡಾಕ್ಟರು ಕಾಗದದ ಕಡೆ ತಿರುಗಿದ್ದರು. ನನ್ನ ಗಂಡ ಆಡುವ ಕೈಯನ್ನು ನನ್ನ ಕಡೆ ಚಾಚಿದರು. ಮುಟ್ಟಲಿಲ್ಲ, ಹಾಸಿಗೆಯ ಅಂಚಿನಲ್ಲಿ ನಿಲ್ಲಿಸಿದರು. ಕಣ್ಣಲ್ಲಿ ನೀರಿತ್ತು. ಕೆಟ್ಟ ಸುದ್ದಿ ಕೇಳಲು ಬಂದ ನೆಂಟನ ಹಾಗೆ ಕೇಳಿದರು.

"ಹುಲಗಪ್ಪ... ಸತ್ತನೇನ್ರಿ?"

ನಾನು ಹೆದರಿದ್ದೆ. ಈಗಲೂ ಹೇಳುತ್ತೇನೆ, ನನಗೆ ಧೈರ್ಯ ಬಂದಿರಲಿಲ್ಲ. ಆದರೆ ಆ ಮಾತಿಗೆ ಸುಮ್ಮನೆ ನಿಂತರೆ ಹೌದು ಎಂದಂತೆ. ನಾನು ಸುಮ್ಮನೆ ನಿಲ್ಲಲಿಲ್ಲ.

"ಇಲ್ರಿ" ಎಂದೆ. "ಸತ್ತಿಲ್ಲ. ಹುಲಗಪ್ಪ ಅಂದ್ರ ನೀವಽ. ನಾ ಚಂದ್ರಿ. ನೀವು ಹುಲಗಪ್ಪ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ವಾರ್ಡಿನ ಆಚೆ ತುದಿಯ ಹೆಂಗಸರು ತಿರುಗಿದರು.

"ಎಂತ ಮಾತಾಡ್ತೀರಿ ನೀವು?" ಮೋಹನದಾಸನ ನಗು ಹೋಗಿತ್ತು. "ತಲೆ ಸರಿ ಉಂಟಾ? ಗಂಡನನ್ನು ಕೊಲ್ತೀರಾ?"

"ಕೊಂದವರು ನೀವು. ನನ್ನ ಕೈಲೆ ಕೊಲ್ಲಿಸಿದಿರಿ. ಜೀವ ಇರೂ ಮನಶಾ, ನಾ ಸತ್ತೆನೇನು ಅಂತ ಕೇಳಾಕ ಹತ್ಯಾನ. ನಿಮ್ಮ ಕಾರ್ಡು ನೀವು ಒಯ್ರಿ. ನನ್ನ ಗಂಡನ ಕೊಡ್ರಿ."

ಡಾಕ್ಟರ ಕಡೆ ತಿರುಗಿದೆ. ನನಗೆ ಬರುವ ಹರಕು ಹಿಂದಿಯಲ್ಲಿ ಹೇಳಿದೆ. "ಸಾಬ್, ಯೇ ಮನೀಶ್ ನಹೀಂ. ಮನೀಶ್ ಕೌನ್ ಹೈ ಮೇರೇ ಕೋ ಮಾಲೂಮ್ ನಹೀಂ. ಯೇ ಹುಲಗಪ್ಪ. ಮೇರಾ ಆದ್ಮೀ. ಪೆಹಲೇ ದಿನ ಸೇ ಇನೋ ಸಹೀ ಬೋಲಾ. ಆಪ್ ಲೋಗ್ ಗಲತ್ ಲಿಖಾ." ಮೊದಲಿಂದ ಇವರು ಹೇಳಿದ್ದೇ ಸರಿ, ನೀವು ಬರೆದದ್ದು ತಪ್ಪು ಎಂದೆ.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಮೋಹನದಾಸನನ್ನು ನೋಡಿದರು. ಅವನು ಆಗಲೇ ಫೋನು ಕಿವಿಗಿಟ್ಟು ಬಾಗಿಲ ಕಡೆ ನಡೆದಿದ್ದ. ಡಾಕ್ಟರು ನರ್ಸಿಗೆ, ಆಫೀಸಿನವರನ್ನು ಕರೆಯಿರಿ, ಸೆಕ್ಯುರಿಟಿಯನ್ನೂ ಕರೆಯಿರಿ ಎಂದರು. ಎದುರಿಗೆ ಕೂತ ಮನುಷ್ಯನನ್ನು ಒಮ್ಮೆಯೂ ನೋಡದೆ ಹೊರಟುಹೋದರು. ಬೂಟಿನ ಸದ್ದು ದೂರವಾಯಿತು. ಅದು ತಿರುಗಿ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಸೆರಗಿನಿಂದ ಹಲಗೆ ಒರೆಸಿದೆ. ಮನೀಶ ಎನ್ನುವ ಅಕ್ಷರ ಯಾವುದು ಎಂದು ಗೊತ್ತಿಲ್ಲ, ನನಗೆ ಓದಲು ಬರುವುದಿಲ್ಲ. ಎಲ್ಲವನ್ನೂ ಒರೆಸಿದೆ. "ಬರಿ ತಂಗಿ. ಹುಲಗಪ್ಪ ಅಂತ ಬರಿ" ಎಂದೆ ರಮಿತಾಳಿಗೆ.

ಅವಳು ಪೆನ್ನು ಹಿಡಿದು ನಿಂತಳು. ಕಣ್ಣು ತುಂಬಿತ್ತು. "ಆಂಟಿ, ಮೇರೀ ನೌಕ್ರೀ..." ಎಂದಳು. ಬರೆಯಲಿಲ್ಲ.

ಅಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು. ಗಂಟಲಲ್ಲಿ ಗೊರಗೊರ ಸದ್ದು. ರಮಿತಾ ಮುಚ್ಚಳ ತೆಗೆದಳು. ನರ್ಸ್ ಆಫೀಸಿಗೆ ಹೋಗಿದ್ದಳು. ನಾನು ಕೈ ತೊಳೆದೆ. ಗ್ಲೋವ್ಸ್ ಹಾಕಿದೆ. ನಳಿಗೆ ಬಿಟ್ಟು ಎಳೆದೆ. ಲೋಳೆ ಬಂತು, ಗಾಳಿ ಬಂತು. ತುಟಿ ನೀಲಿಯಾಗಲಿಲ್ಲ. ಹಣೆಯ ಬೆವರು ಒರೆಸಿದೆ. ಈ ಸಲ ಅವರು ಮುಖ ತಿರುಗಿಸಲಿಲ್ಲ.

ಬಾಗಿಲ ಹೊರಗೆ ಬೂಟುಗಳು ಬರುತ್ತಿದ್ದವು. ನಾನು ಒಂದು ಕೈಯನ್ನು ಅವರ ಗಂಟಲಿನ ಪೈಪಿನ ಮೇಲೆ ಅಡ್ಡ ಇಟ್ಟೆ. ಇನ್ನೊಂದು ಕೈಯಿಂದ ಹಾಸಿಗೆಯ ಕಂಬಿ ಹಿಡಿದೆ. ಹಲಗೆ ಖಾಲಿ ಇತ್ತು. ಬರೆಯಲು ಬರುವವರು ಬರೆದಿರಲಿಲ್ಲ. ನಾನು ಅವರ ಮುಖ ನೋಡುತ್ತಾ ಹುಲಗಪ್ಪ ಎಂದೆ. ಮತ್ತೆ ಹುಲಗಪ್ಪ ಎಂದೆ. ದನಿಯಿಲ್ಲದ ಅವರ ತುಟಿಗಳು ನನ್ನ ಹಿಂದೆ ಆಡತೊಡಗಿದವು. ಬಾಗಿಲು ತೆರೆದಾಗಲೂ ನಾವು ನಿಲ್ಲಿಸಲಿಲ್ಲ.